ಸಂದು ಮುಚ್ಚಿದ ಕೋಣೆ

ಗೋಡೆ ನೆಲಕ್ಕೆ ಸೇರುವ ಕಡೆ ಎಲ್ಲರೂ ಟೈಲ್ಸ್ ಪಟ್ಟಿ ಅಂಟಿಸುತ್ತಾರೆ. ನಾನು ಅಂಟಿಸುವುದಿಲ್ಲ, ಬೆರಳು ತೂರುವಷ್ಟು ಸಂದು ಬಿಡುತ್ತೇನೆ. ಅದರೊಳಗೆ ನೆರಳು ಕೂತರೆ ಗೋಡೆ ನೆಲ ಬಿಟ್ಟು ಮೇಲೆದ್ದ ಹಾಗೆ ಕಾಣುತ್ತದೆ, ಮನೆಯೇ ಹಗುರಾಗುತ್ತದೆ. ಇದಕ್ಕೆ ಶ್ಯಾಡೋ ಗ್ಯಾಪ್ ಅನ್ನುತ್ತಾರೆ ಅಂತ ನಮ್ಮೂರು ಸುಗಟೂರಿನಲ್ಲಿ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಗಾರೆಯವರಂತೂ ಕೆಲಸ ಅರ್ಧಕ್ಕೆ ನಿಂತಿದೆ ಅಂತಲೇ ತಿಳಿದಿದ್ದರು.

ನಾನು ವಿನ್ಯಾಸ ಮಾಡಿದ ಮೊದಲ ಮನೆ ನಮ್ಮದೇ. ಅದನ್ನು ನೋಡಲು ಭಾನುವಾರ ಕೋಲಾರದಿಂದ ಅನಿತ ಮೇಡಂ ಬರುವವರಿದ್ದರು. ಹಿಡಿಸಿದರೆ ಅವರ ಹೊಸ ಮನೆಯ ಒಳಾಂಗಣದ ಕೆಲಸ ನನ್ನದು. ಮಗುವಾದ ಮೇಲೆ ಇವಳ ಕೆಲಸ ಅಷ್ಟಕ್ಕೇ ಮುಗಿಯಿತು ಅಂದವರ ಎದುರು ನಾನು ತಲೆಯೆತ್ತಿ ಓಡಾಡಬೇಕಿತ್ತು.

ಶನಿವಾರ ಸಂಜೆ ಬಸ್ಸಿಳಿದು ಬಂದು ನೋಡುತ್ತೇನೆ, ಮಲಗುವ ಕೋಣೆಯ ಸಂದೆಲ್ಲ ಮಾಯ! ಸುತ್ತಲೂ ಬಿಳಿ ಸಿಮೆಂಟು ಮೆತ್ತಿ ನುಣ್ಣಗೆ ಸವರಿತ್ತು. ಅತ್ತೆ ಭಾರತಮ್ಮ ಬಕೆಟ್ಟಿನಲ್ಲಿ ಕೈ ತೊಳೆಯುತ್ತಿದ್ದರು. ನನ್ನ ಗಂಡ ಚಂದ್ರಮೋಹನ್ ನನ್ನ ಮುಖ ನೋಡಿದವನೇ ಹಾಲಿನ ಕ್ಯಾನ್ ಹಿಡಿದು ಡೈರಿ ಕಡೆ ಜಾಗ ಖಾಲಿ ಮಾಡಿದ.

ಬಾಯಿಗೆ ಬಂದದ್ದೆಲ್ಲ ಅಂದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳು ಸಾಕಿದವರು ಅವರು. ಪ್ರತಿ ಬೆಳೆಗೂ ಮುಂಚೆ ಹುಳುಮನೆಯ ಗೋಡೆ ಬುಡ ತಡವಿ, ಸಣ್ಣ ಬಿರುಕಿದ್ದರೂ ಮೆತ್ತುವುದು ಅವರ ರೂಢಿ. ಇರುವೆ ನುಗ್ಗಿದರೆ ಬೆಳೆ ಹೋದಂತೆಯೇ.

"ಹುಳಕ್ಕೇ ಅಷ್ಟು ನೋಡ್ತೀವಿ," ಅಂದರು. "ಪಾಪು ಕೆಳಗೆ ಚಾಪೆ ಮೇಲೆ ಮಲಗುತ್ತೆ ಕಣಮ್ಮ. ಆ ಸಂದು ನೋಡ್ಕೊಂಡು ನಂಗೆ ನಿದ್ದೆ ಹೆಂಗೆ ಬರುತ್ತೆ?"

ನನ್ನ ಸಿಟ್ಟು ಇಳಿಯಲಿಲ್ಲ. ಒಡೆಸಲು ಸಮಯವೂ ಇರಲಿಲ್ಲ. ಮೇಡಂ ಕೇಳಿದರೆ ಗಾರೆಯವರ ತಪ್ಪು, ಸರಿಮಾಡಿಸುತ್ತೇನೆ ಅಂದುಬಿಡುವುದು ಅಂತ ತೀರ್ಮಾನಿಸಿ, ಮುಖ ಊದಿಸಿಕೊಂಡೇ ಉಂಡೆ.

ಮರುದಿನ ಬಂದ ಅನಿತ ಮೇಡಂ ನಡುಮನೆಯಲ್ಲಿ ನಿಂತೇಬಿಟ್ಟರು. ಗೋಡೆ ಬುಡದ ನೆರಳು ಅವರಿಗೆ ಬಹಳ ಹಿಡಿಸಿತು. ಆಮೇಲೆ ಮಲಗುವ ಕೋಣೆಗೆ ಬಂದು, ಇಲ್ಲೇಕೆ ಸಂದು ಬಿಟ್ಟಿಲ್ಲ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದರು.

"ನಾನು ಕೆಡಿಸ್ಬಿಟ್ಟೆ ತಾಯಿ. ನಮ್ಮ ಪದ್ಮಶ್ರೀ ಕೆಲಸದಲ್ಲಿ ಏನೂ ತಪ್ಪಿಲ್ಲ. ನಿಮ್ಮ ಮನೆ ಅವಳಿಗೇ ಕೊಡಿ."

ನಿನ್ನೆ ಅಷ್ಟೆಲ್ಲ ಅನ್ನಿಸಿಕೊಂಡವರು ಇವತ್ತು ನನಗೋಸ್ಕರ ಬೇಡುತ್ತಿದ್ದರು. ಕೆಲಸ ಹೋದರೆ ಹೋಗಲಿ ಅನ್ನಿಸಿತು.

"ಇವ್ರು ಕೆಡಿಸಿಲ್ಲ ಮೇಡಂ," ಅಂದೆ. "ಇಲ್ಲಿ ಮಗು ಕೆಳಗೆ ಮಲಗುತ್ತೆ. ಅದನ್ನ ಯೋಚನೆ ಮಾಡಿದ್ದು ಇವ್ರು, ನಾನಲ್ಲ. ಇದನ್ನ ಒಡೆಸಲ್ಲ."

ಮೇಡಂ ಬಗ್ಗಿ ಆ ಸಿಮೆಂಟಿನ ಮೇಲೆ ಬೆರಳಾಡಿಸಿದರು. ಅವರ ತಾಯಿಗೂ ಮಂಚ ಅಂದರೆ ಆಗುವುದಿಲ್ಲವಂತೆ, ಇವತ್ತಿಗೂ ಕೆಳಗೇ ಮಲಗುವುದಂತೆ.

"ನಮ್ಮನೆ ಡ್ರಾಯಿಂಗ್ ಶುರು ಮಾಡೋ ಮುಂಚೆ ಬಂದು ನಮ್ಮಮ್ಮನ್ನ ಒಂದ್ಸಲ ಮಾತಾಡಿಸಿ," ಅಂದರು. "ಇವರನ್ನೂ ಕರ್ಕೊಂಡು ಬನ್ನಿ."

ಅತ್ತೆಯ ಮುಖ ನೋಡಲು ನನ್ನಿಂದಾಗಲಿಲ್ಲ. ಮಗುವನ್ನು ಎತ್ತಿಕೊಳ್ಳುವ ನೆಪದಲ್ಲಿ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ.