ಲೈನ್‌ಮನ್ ನಾಗೇಂದ್ರಪ್ಪನ ಕತ್ತಲು

"ಏ, ನಿಲ್ಸೋ ಅದನ್ನ! ಅಲ್ಲಲ್ಲ!"

ನೀಲಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜೆಸಿಬಿಯ ಮುಂದೆಯೇ ಹೋಗಿ ನಿಂತಳು. ಊರಿಂದ ಭಜನೆಯೊಂದಿಗೆ ಎರಡು ಮೈಲಿ ನಡೆದುಬಂದ ಜನ ಅವಳ ಗಂಡನ ಶವ ಕೂರಿಸಿದ್ದ ವಿಮಾನವನ್ನು ಬೇವಿನ ಮರದ ಕೆಳಗೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಕುಣಿ ತೋಡಬೇಕಾಗಿದ್ದದ್ದು ಅಲ್ಲೇ, ಮರದ ಹತ್ತಿರ. ಅಲ್ಲಿ ಒಂದು ಹಿಡಿ ಮಣ್ಣೂ ಎದ್ದಿರಲಿಲ್ಲ. ಯಂತ್ರ ಹೊಲದ ನಟ್ಟನಡುವೆ, ದುರ್ಬೀನು ಇಡುವ ಕಟ್ಟೆಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ, ಆಳುದ್ದ ಅಗೆದು ಮುಗಿಸಿತ್ತು.

ಡ್ರೈವರ್ ಅಮರನಾಥ ತಲೆ ಹೊರಗೆ ಹಾಕಿದ. "ಇದು ಕಾಕಾನ ಕುಣಿ ಅಲ್ರೀ ಅವ್ವಾ. ಹೈಮಾಸ್ಟ್ ದೀಪದ ಕಂಬದ ತಗ್ಗು. ಮೊದಲ ಇದು ತೋಡು, ಆಮ್ಯಾಲ ಕುಣಿ ತೋಡು ಅಂತ ಅಧ್ಯಕ್ಷರು ಹೇಳ್ಯಾರ."

"ಹೊಲ ಯಾರದೋ? ಅಧ್ಯಕ್ಷರದೇನು?"

ಅಮರನಾಥ ರಸ್ತೆಯ ಕಡೆ ನೋಡಿದ. ಅಲ್ಲಿ ಲಾರಿಯ ಮೇಲೆ ಕಂಬ ಮಲಗಿತ್ತು. ನಿನ್ನೆ ಸಂಜೆ ಚಹಾ ಕುಡಿದು ಗೋಡೆಗೆ ಒರಗಿದ ಮನುಷ್ಯ ಮತ್ತೆ ಏಳಲಿಲ್ಲ. ಅವನಿಗೆ ಕೂರಲು ಒಂದು ಕುಣಿ ಸಿದ್ಧವಿಲ್ಲ, ಕಂಬಕ್ಕೆ ಮಾತ್ರ ಬೆಳಗಿನಿಂದ ಎಲ್ಲ ಏರ್ಪಾಡು! ಎಂಥಾ ಜನ ಇವರು.

ಪಂಚಾಯ್ತಿ ಅಧ್ಯಕ್ಷ ಶಾಂತಕುಮಾರ ಬಿಳಿ ಅಂಗಿಯ ತೋಳು ಸರಿಮಾಡಿಕೊಳ್ಳುತ್ತ ಬಂದ. "ಕಾಕಿ, ಸಿಟ್ಟಿಗೇಳಬ್ಯಾಡ್ರಿ. ಕಾಕಾ ಮೂವತ್ನಾಲ್ಕು ವರ್ಷ ಲೈನ್‌ಮನ್ ಆಗಿ ಊರೂರಿಗೆ ಬೆಳಕ ಕೊಟ್ಟಾರ. ಅವ್ರ ಹೆಸರಿಗೆ ದೀಪ ಹಚ್ಚಲಿಲ್ಲಂದ್ರ ಮತ್ಯಾರ ಹೆಸರಿಗೆ ಹಚ್ಚೋದು? 'ನಾಗೇಂದ್ರಪ್ಪ ಸ್ಮಾರಕ ದೀಪ' ಅಂತ ಬೋರ್ಡ್ ಸೈತ ಬರಸೀನಿ."

ಜನ ಹೌದೌದು ಎಂದರು. ಒಬ್ಬಿಬ್ಬರು ಚಪ್ಪಾಳೆ ತಟ್ಟಿ, ಶವ ಮುಂದಿದೆಯೆಂದು ನೆನಪಾಗಿ ಕೈ ಇಳಿಸಿದರು.

"ಬದುಕಿದ್ದಾಗ ಮೂರು ಸಲ ಕೇಳ್ದಿ. ಮೂರು ಸಲಾನೂ ಒಲ್ಲೆ ಅಂದ್ರು," ಎಂದಳು ನೀಲಾಬಾಯಿ. "ಅವ್ರ ಬಾಯಿ ಮುಚ್ಚಿದ ಕೂಡ್ಲೆ ಬಂದಿ ಏನು?"

"ನಿಮ್ಮ ಮೈದುನರು ಹೂಂ ಅಂದಾರ್ರಿ."

ಮೈದುನ ಸಿದ್ದಲಿಂಗೇಶ ಬೇವಿನ ಮರವನ್ನು ಅದೇ ಮೊದಲ ಸಲ ಕಂಡವನಂತೆ ನೋಡುತ್ತಿದ್ದ. ಹೊಲದ ಆಚೆ ಶಾಂತಕುಮಾರ ಮಾರಾಟಕ್ಕಿಟ್ಟ ಪ್ಲಾಟುಗಳ ಕಲ್ಲುಗಳು ಸಾಲಾಗಿ ನಿಂತಿದ್ದವು. ಅದರಲ್ಲೊಂದು ಪ್ಲಾಟು ಸಿದ್ದಲಿಂಗೇಶನಿಗೆಂದು ಊರಿಗೆಲ್ಲ ಗೊತ್ತು. ಇಲ್ಲಿ ದೀಪ ಹತ್ತಿದರೆ ಅಲ್ಲಿ ಬೆಲೆ ಏರುತ್ತದೆ, ಇದಕ್ಕೆ ಸ್ಮಾರಕವೆಂಬ ಹೆಸರು ಬೇರೆ.

* * *

ಕಂಬ ಹತ್ತಿ ಹತ್ತಿ ನಾಗೇಂದ್ರಪ್ಪನ ಅಂಗಾಲು ದಡ್ಡುಗಟ್ಟಿದ್ದವು. ಒಮ್ಮೆ ಲೈನ್ ಕೆಟ್ಟು ಊರೆಲ್ಲ ಕತ್ತಲಾದಾಗ ಕಂಬದ ತುದಿಯಿಂದ ಸುಮ್ಮನೆ ಮೇಲೆ ನೋಡಿದ್ದ. ಅಂದು ಹಿಡಿದ ಹುಚ್ಚು ಬಿಡಲಿಲ್ಲ. ಶಹಾಬಾದಿನ ಗಡಿಯಾರ ರಿಪೇರಿಯ ಅತೀಕ, ಸೇಡಮ್ಮಿನ ಬ್ಯಾಂಕಿನ ಮೈತ್ರಿ, ಇನ್ನೂ ಏಳೆಂಟು ಮಂದಿ ಸೇರಿ ತಾರಾ ಬಳಗ ಕಟ್ಟಿದರು. ವಾಡಿ, ಶಹಾಬಾದ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳ ದೀಪಕ್ಕೆ ರಾತ್ರಿಯೆಲ್ಲ ಆಕಾಶ ಮಬ್ಬು ಬೆಳಕು. ಚುಕ್ಕಿ ಕಾಣಬೇಕೆಂದರೆ ಚಿಮ್ಮನಚೋಡ ದಾಟಿ, ಕುಂಚಾವರಂ ಅಡವಿಯ ಕಡೆಗಿರುವ ಈ ಕಲ್ಲು ಹೊಲಕ್ಕೇ ಬರಬೇಕು. ನಾಗೇಂದ್ರಪ್ಪ ತೊಗರಿ ಸಹ ಬಾರದ ತನ್ನ ಒಂದು ಎಕರೆಯನ್ನು ಬಳಗಕ್ಕೆ ಬಿಟ್ಟುಕೊಟ್ಟ. ಹೆಡ್‌ಲೈಟ್ ಬೆಳಕು ಬೀಳಬಾರದೆಂದು ಬೇವಿನ ಮರಕ್ಕೆ ಬಂದ ಕೂಡಲೇ ಗಾಡಿ ಆರಿಸಿ ತಳ್ಳಿಕೊಂಡು ಬರಬೇಕು, ಯಾವ ಸಾಹೇಬರೇ ಆಗಲಿ.

ಊರ ಬೀದಿದೀಪಗಳ ಬೆಳಕು ಮೇಲಕ್ಕೆ ಹೋಗಿ ದಂಡವಾಗುತ್ತದೆಂದು ಎಣ್ಣೆ ಡಬ್ಬಿ ಕತ್ತರಿಸಿ ಎಲ್ಲಕ್ಕೂ ಮುಚ್ಚಳ ಮಾಡಿ ಹಾಕಿದ. "ನೋಡ್ರೋ, ನಾಗೇಂದ್ರಪ್ಪ ದೀಪಕ್ಕೂ ಟೋಪಿ ಹಾಕ್ಲಿಕತ್ತಾನ!" ಎಂದು ಹೋಟೆಲ್ ಮುಂದಿನವರು ನಕ್ಕರು. ನಕ್ಕವರಿಗೆ ಮನೆ ಮುಂದಿನ ಚೇಳು ಕಾಣುತ್ತಿದ್ದದ್ದು ಆಮೇಲೆ ಟೋಪಿಯಿಂದ ನೆಲಕ್ಕೆ ಬಿದ್ದ ಅದೇ ಬೆಳಕಿನಲ್ಲಿ.

ನೀಲಾಬಾಯಿಯೂ ಬೈದವಳೇ. "ಹೇಣ್ತಿ ಮಾರಿ ನೋಡ್ಲಿಕ್ಕೆ ಟೈಮಿಲ್ಲ, ಚುಕ್ಕಿ ನೋಡ್ಲಿಕ್ಕೆ ಟೈಮದ!" ಒಂದು ಕಾರ್ತಿಕ ಅಮಾವಾಸ್ಯೆಯ ಸಂಜೆ ಅವಳನ್ನೂ ಕರೆತಂದು ಕಟ್ಟೆಯ ಮೇಲೆ ಕೂಡಿಸಿದ. ಅರ್ಧ ತಾಸು ಏನೂ ತೋರಿಸಲಿಲ್ಲ.

"ಕಣ್ಣಿಗೆ ಕತ್ತಲದ ರೂಢಿ ಆಗ್ಲಿ, ತಡಿ."

ಆಮೇಲೆ ದುರ್ಬೀನಿಗೆ ಕಣ್ಣಿಟ್ಟರೆ, ಬೆರಳಿನಿಂದ ವಿಭೂತಿ ಒರೆಸಿದಂಥ ಒಂದು ಗುರುತು ಕಂಡಿತು.

"ಅದು ಕೋಟಿ ಕೋಟಿ ಚುಕ್ಕಿ ಕೂಡಿದ್ದು. ಆ ಬೆಳಕ ಅಲ್ಲಿಂದ ಹೊಂಟು ಇಪ್ಪತ್ತೈದು ಲಕ್ಷ ವರ್ಷ ಆಯ್ತು," ಎಂದ ನಾಗೇಂದ್ರಪ್ಪ.

ಆಕೆ ದುರ್ಬೀನಿನಿಂದ ಕಣ್ಣು ತೆಗೆದಳು. "ಅಷ್ಟು ದೂರದಿಂದ ಬಂದದ್ದನ್ನ ನಾವು ಒಂದು ಟ್ಯೂಬ್‌ಲೈಟ್ ಹಚ್ಚಿ ಬಾಗಲದಾಗ ತಡೀತೀವೇನು? ಥೂ, ನಮ್ಮ ಜಲ್ಮಕ್ಕಿಷ್ಟು."

ಮರುದಿನ ಬಳಗದ ಸದಸ್ಯರ ಪಟ್ಟಿಯಲ್ಲಿ ಕೊನೆಯ ಹೆಸರು ಅವಳದು.

* * *

ಅತೀಕ ಬಂದಾಗ ನಾಲ್ಕು ಗಂಟೆಯ ಬಿಸಿಲು. ಆದರೂ ಮರದ ಹತ್ತಿರ ಬೈಕ್ ಆರಿಸಿ ತಳ್ಳಿಕೊಂಡೇ ಬಂದ. ವಿಷಯ ತಿಳಿದದ್ದೇ ಅವನ ಮುಖ ಇಳಿಯಿತು.

"ಅಧ್ಯಕ್ಷ ಸಾಹೇಬ್ರ, ಈ ಲೈಟ್ ಹತ್ತಿದ್ರ ಜಾಗಾ ಖತಂ. ಇಂಥಾ ಕತ್ತಲು ನಮಗ ಸುತ್ತಮುತ್ತ ಮತ್ತೆಲ್ಲೂ ಸಿಗಂಗಿಲ್ರಿ."

"ನೀವು ಶಹಾಬಾದದವ್ರು ಅತೀಕಭಾಯಿ, ನಮ್ಮೂರ ವಿಚಾರದಾಗ ಬರಬ್ಯಾಡ್ರಿ. ಕತ್ತಲದಾಗ ಏನದ? ಹಾವು, ಕಳ್ಳರು."

"ಹನ್ನೆರಡು ವರ್ಷ ಕತ್ತಲದಾಗ ಕುಂತೀವಿ, ಒಬ್ಬ ಕಳ್ಳ ಬರಲಿಲ್ಲ," ಎಂದಳು ನೀಲಾಬಾಯಿ. "ಇವತ್ತ ಹಾಡಹಗಲಿ ಬಂದಾನ."

ಯಾರೋ ಕಿಸಕ್ಕನೆ ನಕ್ಕರು. ಶಾಂತಕುಮಾರನ ಮುಖ ಕಪ್ಪಿಟ್ಟಿತು. "ಮಂದಿ ಮುಂದ ಮರ್ಯಾದಿ ತಗೀಬ್ಯಾಡ್ರಿ ಕಾಕಿ. ನಾಳಿ ಕಾಂಕ್ರೀಟ್ ಹಾಕ್ತೀವಿ, ಮುಗೀತು. ಏ ಅಮರನಾಥ, ಕುಣಿ ತೋಡು ನಡಿ!"

ಜೆಸಿಬಿ ಮರದ ಹತ್ತಿರ ಹೋಗಿ ಎರಡು ಸಲ ಹಲ್ಲು ಊರಿತು. ಕರಕರ ಸದ್ದಾಯಿತು. "ಕೆಳಗ ಬಂಡಿಗಲ್ಲು ಹತ್ಯದ್ರಿ, ಮೂರು ತಾಸರೆ ಬೇಕು," ಎಂದು ಅಮರನಾಥ ಕೂಗಿದ.

ಮಠದ ಅಯ್ಯನವರು ಬಿಸಿಲಿಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದರು. "ಹೊತ್ತು ಮುಳುಗೂದ್ರೊಳಗ ಮಣ್ಣು ಕೊಡಬೇಕವ್ವಾ. ಎಷ್ಟೊತ್ತಂತ ಹಿಂಗ ಕೂಡಸ್ತೀರಿ ಶರಣರನ್ನ?"

ನೀಲಾಬಾಯಿ ವಿಮಾನದ ಕಡೆ ನೋಡಿದಳು. ಹಣೆ ತುಂಬ ವಿಭೂತಿ ಬಳಿದುಕೊಂಡು, ಕೈಯಲ್ಲಿ ಲಿಂಗ ಹಿಡಿದು, ಕುತ್ತಿಗೆ ವಾಲದಂತೆ ಬಟ್ಟೆ ಕಟ್ಟಿಸಿಕೊಂಡು ಗಂಡ ಕೂತಿದ್ದ. ಬೆಳಗಿನಿಂದ ಬಾರದಿದ್ದ ಅಳು ಈಗ ಒತ್ತಿ ಬಂತು. ಸಿಟ್ಟು ಅದಕ್ಕಿಂತ ಮುಂದೆ ಬಂತು. ಅವಳು ಸರಸರ ನಡೆದು ಕಂಬದ ತಗ್ಗಿನ ಅಂಚಿಗೆ ನಿಂತಳು.

"ಅಯ್ಯನವರ, ಇದರ ಆಳ ಸಾಕೇನ್ರಿ?"

ಅಯ್ಯನವರು ಬಂದು ಬಗ್ಗಿ ನೋಡಿದರು. "ಸಾಕಾಗಿ ಉಳೀತದ. ಒಳಗ ಬಾಜೂಕ ಶರಣರನ್ನ ಕೂಡಸ್ಲಿಕ್ಕೆ ಒಂದು ಗೂಡು ಕಡದ್ರ ಆಯ್ತು."

"ಹಂಗಿದ್ರ ನಮ್ಮವ್ರನ್ನ ಇಲ್ಲೇ ಕೂಡಸ್ರಿ."

ಭಜನೆಯವರ ತಾಳ ನಿಂತಿತು. ಶಾಂತಕುಮಾರ ಓಡಿಬಂದ. "ಕಾಕಿ! ಏನ್ ಮಾಡ್ಲಿಕತ್ತೀರಿ? ಅದು ಸರ್ಕಾರಿ ಕಂಬದ ತಗ್ಗು!"

"ಹೊಲ ನಂದು, ಗಂಡ ನನ್ನಾಂವ. ನಾಳಿ ಸಮಾಧಿ ಕಿತ್ತಿ ಕಂಬ ನೆಡೂ ಎದಿ ಇದ್ರ ಈಗ ಮಂದಿ ಮುಂದ ಹೇಳು."

ಅವನು ಜನರ ಕಡೆ ತಿರುಗಿದ. ಆಗ ಹೌದೌದು ಎಂದಿದ್ದವರೆಲ್ಲ ಈಗ ನೆಲ ನೋಡುತ್ತಿದ್ದರು. "ಸಮಾಧಿ ಅಂದ್ಮ್ಯಾಲ ಮುಗೀತಪಾ," ಎಂದು ಒಬ್ಬ ಮುದುಕ ಗೊಣಗಿದ.

"ಹತ್ತು ಮಾರು ಆ ಕಡಿ ಬ್ಯಾರೆ ತಗ್ಗು ತೋಡಿದ್ರಾಯ್ತು," ಎಂದ ಸಿದ್ದಲಿಂಗೇಶ, ಮೆಲ್ಲಗೆ.

"ಸಮಾಧಿ ಆದ್ರ ಇದು ಗದ್ದಿಗಿ ಹೊಲ, ಇಲ್ಲಿ ಯಾರ ಗುದ್ದಲೀನೂ ಬೀಳಂಗಿಲ್ಲ," ಎಂದರು ಅಯ್ಯನವರು. ನಗಲಿಲ್ಲ. "ಸ್ಮಾರಕ ಇಲ್ಲೇ ಆಗ್ಬೇಕು ಅಂದವ್ರು ಅಧ್ಯಕ್ಷರ. ಆಗ್ಲಿ."

ಅತೀಕ ಅಂಗಿ ಬಿಚ್ಚಿ ಪಿಕಾಸಿ ತಗೊಂಡು ತಗ್ಗಿಗೆ ಇಳಿದ. ಗೂಡು ಕಡಿಯಲು ಅರ್ಧ ತಾಸು ಸಾಕಾಯಿತು. ನಾಗೇಂದ್ರಪ್ಪನನ್ನು ನಾಲ್ವರು ಇಳಿಸಿ ಕೂಡಿಸಿದರು. ಅಯ್ಯನವರು ವಿಭೂತಿ ಗಟ್ಟಿಗಳನ್ನೂ ಬಿಲ್ವಪತ್ರೆಯನ್ನೂ ಒಳಗೆ ಇಟ್ಟು ಮೇಲೆ ಬಂದರು.

"ಮಣ್ಣು ಕೊಡ್ರಿ. ಊರಿಗೆ ಹಿರಿಯರು ಯಾರು? ಅವ್ರು ಮೊದಲ."

ಎಲ್ಲರೂ ಶಾಂತಕುಮಾರನನ್ನೇ ನೋಡಿದರು. ಅವನು ಬಿಳಿ ಅಂಗಿಯ ತೋಳು ಮಡಚಿದ, ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಹಾಕಿದ, ಎರಡು ಹಾಕಿದ. ಮೂರನೆಯದಕ್ಕೆ ಕೈ ತಡೆಯಿತು.

"ಹಾಕು," ಎಂದಳು ನೀಲಾಬಾಯಿ.

ಹಾಕಿದ. ಅವನ ಹಿಂದೆ ಊರು ಸಾಲುಗಟ್ಟಿ ನಿಂತಿತ್ತು, ಎಲ್ಲರ ಮುಷ್ಟಿಯಲ್ಲೂ ಮಣ್ಣು.