ಗಂಧಕದ ಡಬ್ಬಿ

ರೇಣುಕವ್ವನ ಮುಖದ ಮೇಲೆ ಮೊಡವೆ ಎದ್ದದ್ದು ಅವಳೊಬ್ಬಳ ವಿಷಯವಾಗಿ ಉಳಿಯಲಿಲ್ಲ. ಯರಗುಪ್ಪಿಯ ಆ ಓಣಿಯಲ್ಲಿ ಬಸುರಿಯ ಮುಖವೆಂದರೆ ಎಲ್ಲರ ಸ್ವತ್ತು. ನೀರಿಗೆ ಹೋದರೆ ಒಬ್ಬಳು ಗದ್ದ ಹಿಡಿದು ತಿರುಗಿಸಿ ನೋಡುವಳು, ಹಿಟ್ಟಿನ ಗಿರಣಿಗೆ ಹೋದರೆ ಇನ್ನೊಬ್ಬಳು. "ಮುಖ ಕೆಟ್ಟೈತಿ, ಹೆಣ್ಣ ಐತಿ ನೋಡ" ಎಂದು ತೀರ್ಪು ಕೊಟ್ಟು, ಕೊಡ ಎತ್ತಿಕೊಂಡು ಹೋಗುವಳು. ಹೆಣ್ಣಾದರೆ ರೇಣುಕವ್ವನಿಗೇನೂ ಬೇಸರವಿರಲಿಲ್ಲ. ಹಿಂದಿನ ವರ್ಷ ಹೊಟ್ಟೆಯಲ್ಲಿ ನಿಂತದ್ದು ಮೂರು ತಿಂಗಳಿಗೇ ಹೋಗಿತ್ತು. ಅಂದಿನಿಂದ ಅವಳ ಆಸೆ ಒಂದೇ, ಈ ಸಲದ ಕೂಸು ಉಳಿಯಬೇಕು.

ಅತ್ತೆ ಸಾವಕ್ಕನ ಚಿಂತೆ ಬೇರೆ. ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಇಟ್ಟುಕೊಂಡಿದ್ದರು. ಗುಡಗೇರಿಯಿಂದ ಸೊಸೆಯ ತವರಿನವರು ಹಸಿರು ಸೀರೆ, ರವಿಕೆ, ಬುತ್ತಿ ಹೊತ್ತು ಬರುವರು. ಓಣಿಯ ಮುತ್ತೈದೆಯರೆಲ್ಲ ಸಾಲಾಗಿ ಬಂದು ಬಸುರಿಯ ಎರಡೂ ಗಲ್ಲಕ್ಕೆ ಅರಿಶಿಣ ಹಚ್ಚುವರು. ಕೆಂಪಗೆ ಬಾತು, ಅಲ್ಲಲ್ಲಿ ಕೀವು ತುಂಬಿದ ಆ ಗಲ್ಲ ಊರವರ ಕೈಗೆಲ್ಲ ಸಿಗುತ್ತದಲ್ಲ ಎಂದು ಸಾವಕ್ಕನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಸೊಸೆಯನ್ನು ಸರಿಯಾಗಿ ನೋಡಿಕೊಂಡಿಲ್ಲ ಎಂದು ಬೀಗರು ಅಂದುಕೊಂಡರೆ ಅವಳ ಮಾನವೇ ಹೋದ ಹಾಗೆ.

ಹೀಗಾಗಿ ಮನೆಯಲ್ಲಿ ಮದ್ದಿನ ಸಂತೆಯೇ ನೆರೆಯಿತು. ಹುಬ್ಬಳ್ಳಿಗೆ ಕೊಟ್ಟ ನಾದಿನಿ ತಾಯವ್ವ ಬರುವಾಗಲೇ ಒಂದು ಟ್ಯೂಬು ತಂದಳು. "ವಾರದಾಗ ಹಾಲಿನಂಗ ಆಗ್ತೀ ವೈನಿ, ನಮ್ಮ ಬಾಜೂಮನಿಯಾಕಿ ಆಗ್ಯಾಳ" ಅಂದಳು. ಗಂಡ ಮಲಕಪ್ಪ, ಹೋದ ವರ್ಷ ತನ್ನ ಕಾಲಿನ ಹುಣ್ಣಿಗೆ ತಂದು ಉಳಿದಿದ್ದ ಗುಳಿಗೆಗಳನ್ನು ಹುಡುಕಿ ತೆಗೆದ. ಹುಣ್ಣು ಒಣಗಿಸಿದ್ದು ಮೊಡವೆಯನ್ನು ಒಣಗಿಸದೆ ಇರುತ್ತದೆಯೇ ಎಂಬುದು ಅವನ ಲೆಕ್ಕ. ಸಾವಕ್ಕ ಮಾತ್ರ ಇವರಿಬ್ಬರ ಕಡೆಗೂ ನೋಡಿ ಮೂಗು ಮುರಿದಳು. ಅವಳ ಪ್ರಕಾರ ಮದ್ದು ಇರುವುದು ಒಂದೇ: ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಗಂಧಕ. ಅವಳ ತಾಯಿ ಅವಳಿಗೆ ಅದನ್ನೇ ಹಚ್ಚಿದ್ದಳು, ಅವಳು ತಾಯವ್ವನಿಗೂ ಅದನ್ನೇ ಹಚ್ಚಿದ್ದಳು.

ರೇಣುಕವ್ವ ಮೂವರಿಗೂ ಒಂದೇ ಉತ್ತರ ಕೊಟ್ಟಳು. "ಬಾಯಾಗ ಹಾಕ್ಕೊಳ್ಳಾಕ ಬರಲಾರದ್ದು ನನ್ನ ಮುಖಕ್ಕೂ ಬ್ಯಾಡ. ಗುಳಿಗಿನೂ ಬ್ಯಾಡ, ಡಾಕ್ಟರನ್ನ ಕೇಳಿದ ಹೊರತು."

"ಮತ್ತ ಸಾಬಾನ ಹಚ್ಚತೀಯಲ್ಲ, ಅದನ್ನೂ ತಿಂತೀಯೇನ?" ಎಂದಳು ಸಾವಕ್ಕ.

"ಸಾಬಾನ ತೊಳದ ಹೋಗ್ತೈತ್ರಿ ಅತ್ತಿ. ಇದು ಕುಂತ ಬಿಡ್ತೈತಿ."

ಮಾತು ಅಲ್ಲಿಗೆ ನಿಲ್ಲುವಂತಿರಲಿಲ್ಲ. ದಿನಾ ಒಬ್ಬರಲ್ಲ ಒಬ್ಬರು ಟ್ಯೂಬಿನ ಮುಚ್ಚಳ ತೆಗೆದು ಹಿಂದೆ ಬೀಳುತ್ತಿದ್ದರು. ಕಡೆಗೆ ರೇಣುಕವ್ವ ಒಂದು ಮುಂಜಾನೆ ಟ್ಯೂಬು, ಗುಳಿಗೆ ಎರಡನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು, ಗಂಡನನ್ನು ಎಬ್ಬಿಸಿಕೊಂಡು ಕುಂದಗೋಳದ ಬಸ್ಸು ಹತ್ತಿದಳು. ಮೊಡವೆಗೆ ದವಾಖಾನೆಗೆ ಹೊರಟವಳನ್ನು ಕಂಡು ಬಸ್ಸಿನಲ್ಲಿದ್ದ ಹೆಂಗಸರು ನಕ್ಕರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಡಾಕ್ಟರಬಾಯಿ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ತಮ್ಮ ಬಳಿಯೇ ಇಟ್ಟುಕೊಂಡರು. "ಇದು ಹೊಟ್ಟ್ಯಾಗಿನ ಕೂಸಿನ ಹಲ್ಲಿಗೆ, ಎಲುವಿಗೆ ಚಲೋ ಅಲ್ಲ. ಕೇಳಾಕ ಬಂದಿ, ಚಲೋ ಮಾಡಿದಿ. ಈ ಟ್ಯೂಬಿನ ಮ್ಯಾಲ ಒಳಗ ಏನೈತಿ ಅಂತನ ಬರದಿಲ್ಲ. ಏನೈತಿ ಅಂತ ಗೊತ್ತಿಲ್ಲದ್ದನ್ನ ಹಚಗೋಬ್ಯಾಡ. ಮುಂಜಾನಿ, ಸಂಜಿ ತಿಳಿನೀರಿಲೆ ಮುಖ ತೊಳಿ. ಹಿಚಕಬ್ಯಾಡ. ಹಡದ ಮ್ಯಾಲ ತಾನ ಇಳೀತೈತಿ."

"ನಮ್ಮತ್ತಿ ಗಂಧಕ ಅಂತಾರ್ರಿ."

"ಗಂಧಕ ಚೂರ ಹಚ್ಚಿದ್ರ ನಡೀತೈತಿ. ಅದರಿಂದ ಕೂಸಿಗೇನಾಗೂದಿಲ್ಲ."

ಬಾಯಿಗೆ ಹಾಕಲಾಗದ್ದಾದರೂ ಡಾಕ್ಟರಬಾಯಿಯೇ ಹೇಳಿದ ಮೇಲೆ ರೇಣುಕವ್ವ ಹಟ ಸಡಿಲಿಸಿದಳು. ಅತ್ತೆಯ ಒಂದು ಮಾತಾದರೂ ನಡೆಯಲಿ ಎಂಬ ಆಸೆಯೂ ಅವಳಿಗಿತ್ತು. ಸಾವಕ್ಕ ಬಾಯಿ ಜೋರಿನವಳಾದರೂ, ಹೋದ ವರ್ಷ ಗರ್ಭ ಹೋದಾಗ ಮೂರು ದಿನ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳೇ. ಹೋದ ಕೂಸಿನ ಬಗ್ಗೆ ಮಾತ್ರ ಆಮೇಲೆ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ.

ಸುದ್ದಿ ಕೇಳಿ ಸಾವಕ್ಕನಿಗಾದ ಹಿಗ್ಗು ಅಷ್ಟಿಷ್ಟಲ್ಲ. "ಕೇಳಿದ್ರೆಲ್ಲ, ಕಲತ ಡಾಕ್ಟರನೂ ನನ್ನ ಮಾತ ಹೇಳ್ಯಾಳ" ಎಂದು ಓಣಿಯ ಆ ತುದಿಯವರೆಗೆ ಹೇಳಿ ಬಂದಳು. ಇನ್ನೇನು, ಕುಬಸದ ದಿನ ಮುಂಜಾನೆಯೇ ಹಚ್ಚುವುದು, ಮುತ್ತೈದೆಯರು ಬರುವ ಹೊತ್ತಿಗೆ ತೊಳೆಯುವುದು ಎಂದು ಗೊತ್ತು ಮಾಡಿದಳು.

ಕುಬಸದ ಮುಂಜಾನೆ ಮನೆ ತುಂಬಿತ್ತು. ತವರಿನವರು ಮೊದಲ ಬಸ್ಸಿಗೇ ಬಂದಿದ್ದರು. ಪಡಸಾಲೆಯಲ್ಲಿ ನವಲಗುಂದದ ಜಮಖಾನೆ ಹಾಸಿ, ರೇಣುಕವ್ವನನ್ನು ಅದರ ಮೇಲೆ ಕೂರಿಸಿದ್ದರು. ಸಾವಕ್ಕ ಒಂದು ಹಿತ್ತಾಳೆ ಬಟ್ಟಲು ಹಿಡಿದು ಬಂದು ಎದುರಿಗೆ ಕೂತಳು. ಬಟ್ಟಲಿನಲ್ಲಿ ಎಣ್ಣೆಯಲ್ಲಿ ಕಲಸಿದ ಬೂದು ಬಣ್ಣದ ರಾಡಿ.

"ಇದೇನ್ರಿ ಅತ್ತಿ, ಗಂಧಕ ಹಳದಿ ಇರ್ತೈತಲ್ರಿ?" ಎಂದು ರೇಣುಕವ್ವ ಕೇಳಿದಳು.

"ಈಗಿನ ಗಂಧಕಕ್ಕ ಬಣ್ಣನೂ ಇಲ್ಲ, ವಾಸನಿನೂ ಇಲ್ಲ. ಎಲ್ಲಾದ್ರಾಗೂ ಕಲಬೆರಕಿ. ಅದಕ್ಕ ನಾ ಒಂದ ಮುಟಗಿ ಹೆಚ್ಚಿಗೀನ ಹಾಕೀನಿ" ಎಂದಳು ಸಾವಕ್ಕ.

"ಎಲ್ಲೀದ್ರಿ ಇದು?"

"ಎಲ್ಲಿದು ಅಂದ್ರ? ಬೀಜದ ಕ್ವಾಣಿ ಅಟ್ಟದ ಮ್ಯಾಲ ಗಂಧಕದ ಡಬ್ಬಿ ಇಲ್ಲೇನ? ನಾ ಈ ಮನಿಗೆ ಬಂದಾಗಿಂದ ಅಲ್ಲೇ ಐತಿ."

ರೇಣುಕವ್ವ ಬಟ್ಟಲಿನಿಂದ ಹಿಂದೆ ಸರಿದಳು. ಆ ಊರಿನಲ್ಲಿ ಗಂಧಕವೆಂದರೆ ಮೈಕೆರೆತಕ್ಕಷ್ಟೇ ಅಲ್ಲ, ಬಿತ್ತುವ ಜೋಳಕ್ಕೂ ಹಚ್ಚುವುದೇ. ತೆನೆಗೆ ಕಾಡಿಗೆ ರೋಗ ಬರಬಾರದೆಂದು ಹಿಂದಿನವರು ಬೀಜಕ್ಕೆ ಗಂಧಕ ಸವರಿ ಬಿತ್ತುತ್ತಿದ್ದರು. ಒಂದೇ ಡಬ್ಬಿಯಿಂದ ಅರ್ಧ ಹೊಲಕ್ಕೆ, ಚಿಟಿಕೆ ಮೈಗೆ. ಆದರೆ ಈ ಸಲ ಹಿಂಗಾರಿ ಬಿತ್ತನೆಗೆ ಮಲಕಪ್ಪ ಪೇಟೆಯಿಂದ ಯಾವುದೋ ಹೊಸ ಪುಡಿ ತಂದಿದ್ದ. ಅಂಗಳದಲ್ಲಿ ಕೋಲಿನಿಂದ ಬೀಜ ಕಲಸುತ್ತಿದ್ದಾಗ ಅವನ ಮುಂಗೈ ಬೂದಿ ಮೆತ್ತಿದ ಹಾಗಿತ್ತು. ಪಕ್ಕದಲ್ಲೊಂದು ಡಬ್ಬಿ ಬಾಯಿ ತೆರೆದುಕೊಂಡಿತ್ತು. ಅಂದು ಚೆಲ್ಲಿದ ಕಾಳು ಆರಿಸಿ ತಿಂದ, ಅವಳು ತವರಿನಿಂದ ತಂದಿದ್ದ ಕೋಳಿಗಳು ಸಂಜೆಗೆ ಕತ್ತು ವಾಲಿಸಿದವು, ಬೆಳಗಾಗುವುದರೊಳಗೆ ಕಾಲು ಚಾಚಿದ್ದವು. ಕೋಳಿ ಬೇನೆ ಬಂತು ಎಂದು ಸಾವಕ್ಕ ಅವನ್ನು ತಿಪ್ಪೆಗೆ ಹಾಕಿಸಿದ್ದಳು. ಆ ಮಾತನ್ನು ಆಗ ರೇಣುಕವ್ವನೂ ನಂಬಿದ್ದಳು.

"ಅತ್ತಿ, ಬ್ಯಾಡ್ರಿ. ಇದನ್ನ ತಗದ ಇಡ್ರಿ."

ಸಾವಕ್ಕನ ಮುಖ ಗಂಟಿಕ್ಕಿತು. ಬೀಗರೆಲ್ಲ ನೋಡುತ್ತಿದ್ದಾರೆ. "ಯಾಕ? ಡಾಕ್ಟರಬಾಯಿನ ಹೇಳ್ಯಾಳಂತ ನೀನ ಹೇಳಿದೆಲ್ಲ?"

"ಆಕಿ ಗಂಧಕ ಅಂದ್ಲು. ಇದು ಗಂಧಕ ಅಲ್ರಿ. ಕೋಳಿ ಸತ್ತದ್ದು ಇದರಿಂದನ."

ಪಡಸಾಲೆಯಲ್ಲಿ ಪಿಸುಮಾತು ಎದ್ದಿತು. "ಅತ್ತಿ ವಿಷಾ ಹಾಕಾಕತ್ತಾಳ ಅಂತಾಳಲ್ಲ" ಎಂದು ಯಾರೋ ಅಂದರು. ಮಾತು ಸಾವಕ್ಕನಿಗೆ ನಾಟಿತು. ಇಷ್ಟು ಜನರೆದುರು ಆಕೆಯ ಕಣ್ಣಲ್ಲಿ ನೀರು ಬಂದದ್ದನ್ನು ರೇಣುಕವ್ವ ನೋಡಿದಳು. ಆದರೂ ಕೆನ್ನೆ ಮುಂದೆ ಮಾಡಲಿಲ್ಲ.

"ಹಂಗೇನ?" ಎಂದಳು ಸಾವಕ್ಕ. "ಬಾಯಾಗ ಹಾಕ್ಕೊಳ್ಳಾಕ ಬರಲಾರದ್ದು ಬ್ಯಾಡ ಅಂದಿದ್ದೆಲ್ಲ? ತಗೊ. ಮೊದಲ ನಾನ ತಿಂತೀನಿ. ಸತ್ರ ನಿನ್ನ ಮಾತ ಖರೆ."

ಬೆರಳು ಬಟ್ಟಲಿಗಿಳಿಯಿತು. ರಾಡಿ ಮೆತ್ತಿದ ಬೆರಳು ತುಟಿಯ ಹತ್ತಿರ ಹೋಯಿತು.

ರೇಣುಕವ್ವ ಕೈ ಬೀಸಿದಳು. ತುಂಬಿದ ಹೊಟ್ಟೆಯ ಹೆಂಗಸು ಅಷ್ಟು ಜೋರಾಗಿ ಮುಂದಕ್ಕೆ ಬಾಗಿದ್ದನ್ನು ಅಲ್ಲಿದ್ದವರು ಎಂದೂ ಕಂಡಿರಲಿಲ್ಲ. ಏಟಿಗೆ ಸಾವಕ್ಕನ ಕೈ ಪಕ್ಕಕ್ಕೆ ಹಾರಿತು, ಬಟ್ಟಲು ಉರುಳಿತು, ಜಮಖಾನೆಯ ಮೇಲೆ ಬೂದು ಎಣ್ಣೆ ಹರಡಿತು.

ಕುಬಸದ ದಿನ, ಬೀಗರ ಎದುರು, ಸೊಸೆ ಅತ್ತೆಯನ್ನು ಹೊಡೆದಿದ್ದಳು. ರೇಣುಕವ್ವನ ತಾಯಿ ತಲೆ ತಗ್ಗಿಸಿದಳು. ತಾಯವ್ವ ಎದ್ದು ನಿಂತು, "ನಮ್ಮವ್ವನ ಮ್ಯಾಲ ಕೈ ಎತ್ತೀಯಾ?" ಎಂದಳು.

"ಎತ್ತೀನಿ," ಎಂದಳು ರೇಣುಕವ್ವ. ಅವಳ ಅಂಗೈ ಉರಿಯುತ್ತಿತ್ತು. "ನೀ ಒಂದ ಸ್ವಲ್ಪ ನಿಮ್ಮಣ್ಣನ್ನ ಕರಿ. ಬರೂವಾಗ ಅಟ್ಟದ ಮ್ಯಾಲಿನ ಡಬ್ಬಿ ಇಳಿಸಿಕೊಂಡ ಬಾ ಅಂತ ಹೇಳು. ಆಮ್ಯಾಲ ನನಗೇನ ಅಂತಿ ಅನ್ನು. ಅಲ್ಲೀತನಕ ಯಾರೂ ಇದನ್ನ ಮುಟ್ಟಬ್ಯಾಡ್ರಿ. ಅತ್ತಿ, ಆ ಬೆರಳ ಬಾಯಿಗೆ ಒಯ್ಯಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

ಮಲಕಪ್ಪ ಹೊರಗೆ ಚಕ್ಕಡಿ ನಿಲ್ಲಿಸುತ್ತಿದ್ದವನು ಡಬ್ಬಿ ಹಿಡಿದು ಒಳಗೆ ಬಂದ. ಕೆಳಗೆ ಬಿದ್ದ ಬಟ್ಟಲು, ಅವ್ವನ ಬೆರಳು, ಹೆಂಡತಿಯ ಮುಖ ಇಷ್ಟನ್ನೂ ನೋಡಿದ.

"ಕೋಳಿ ಸತ್ತ ದಿನ ಬೀಜಕ್ಕ ಏನ ಹಚ್ಚಿದ್ರಿ?" ಎಂದು ರೇಣುಕವ್ವ ಕೇಳಿದಳು.

ಮಲಕಪ್ಪ ಡಬ್ಬಿಯ ಮುಚ್ಚಳ ತೆಗೆದು ನೋಡಿದ. "ಪೇಟಿಯಿಂದ ತಂದ ಪುಡಿ. ಭಾಳ ಖಾರದ್ದು, ಕೈಗೆ ಹತ್ತಿದ್ರ ತೊಳಕೊಳ್ರಿ ಅಂತ ಅಂಗಡಿಯಾವ ಹೇಳಿದ್ದ. ಪಾಕೀಟ ಹರದಿತ್ತು. ಉಳದದ್ದನ್ನ ಈ ಡಬ್ಯಾಗ ಸುರುವಿ ಇಟ್ಟೆ. ಗಂಧಕ ಮುಗದ ಭಾಳ ದಿನಾ ಆಗಿತ್ತು, ಡಬ್ಬಿ ಖಾಲಿ ಇತ್ತು."

"ಹೇಳಬಾರದೇನೋ ಮಗನ?" ಎಂದಳು ಸಾವಕ್ಕ ಮೆಲ್ಲಗೆ.

"ಅಟ್ಟದ ಮ್ಯಾಲಿನ ಡಬ್ಬಿ ಯಾರ ಮುಟ್ಟತಾರ ಅಂದಕೊಂಡೆ ಬೇ."

ಸಾವಕ್ಕ ತನ್ನ ಬೆರಳನ್ನೇ ನೋಡುತ್ತ ಕೂತಳು. ಹಿಂದಿನ ರಾತ್ರಿ ಕಲಸಿದ ಆ ಕೈಯ ಸಂದುಗಳಲ್ಲಿ ಸಣ್ಣ ಗುಳ್ಳೆ ಎದ್ದಿದ್ದವು. ಅವನ್ನು ಆಕೆ ಒಲೆಯ ಝಳ ಎಂದುಕೊಂಡಿದ್ದಳು. ಈಗ ಆ ಗುಳ್ಳೆಗಳಿಂದ ಸೊಸೆಯ ಹೊಟ್ಟೆಯ ಕಡೆಗೆ ಕಣ್ಣು ತಿರುಗಿತು. ಅಲ್ಲಿಂದ ಮೇಲಕ್ಕೆ ಏಳಲಿಲ್ಲ.

ರೇಣುಕವ್ವ ಎದ್ದಳು. ಅತ್ತೆಯ ರಟ್ಟೆ ಹಿಡಿದು ಬಚ್ಚಲಿಗೆ ಕರೆದೊಯ್ದು, ತಾನೇ ತಂಬಿಗೆಯಿಂದ ನೀರು ಹಾಕಿ, ತಾನೇ ಸಾಬೂನು ಕೊಟ್ಟಳು. ಸಾವಕ್ಕ ಮೊದಲು ಒಂದು ಸಲ ತೊಳೆದಳು, ಸಾಲದೆಂದು ಮತ್ತೆ ತೊಳೆದಳು, ಉಗುರಿನ ಒಳಗೆಲ್ಲ ಕೆರೆದು ತೊಳೆದಳು. ಸೊಸೆ ನೀರು ಹಾಕುತ್ತಲೇ ಇದ್ದಳು. ಹೊರಗೆ ಮಲಕಪ್ಪ ಡಬ್ಬಿ, ಬಟ್ಟಲು, ಜಮಖಾನೆ ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ಮನೆಯಿಂದ ಆಚೆ ಒಯ್ದ.

ರೇಣುಕವ್ವ ತಿಳಿನೀರಿನಲ್ಲಿ ಮುಖ ತೊಳೆದು ಮತ್ತೆ ಬಂದು ಕೂತಳು, ಮೊಡವೆ ಇದ್ದ ಹಾಗೆಯೇ ಇದ್ದವು. ಆ ಮುಖ ಯಾರಿಂದಲೂ ಮುಚ್ಚಿಡುವ ಮನಸ್ಸು ಅವಳಿಗಿರಲಿಲ್ಲ. ಮುತ್ತೈದೆಯರು ಅರಿಶಿಣದ ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದರು. ಮೊದಲು ಯಾರು ಹಚ್ಚಬೇಕು, ಹಚ್ಚಬಹುದೋ ಬಾರದೋ ಯಾರಿಗೂ ತಿಳಿಯಲಿಲ್ಲ.

ಸಾವಕ್ಕ ತಟ್ಟೆ ಇಸಕೊಂಡಳು. ಆಕೆಯೇ ಕುಟ್ಟಿ ಜರಡಿ ಹಿಡಿದ ಅರಿಶಿಣ ಅದು. ಬೆರಳ ತುದಿಯಲ್ಲಿ ತೆಗೆದು ಮೊದಲು ತನ್ನ ನಾಲಗೆಯ ಮೇಲಿಟ್ಟಳು. ಕಹಿಗೆ ಮುಖ ಹಿಂಡಿ, ನುಂಗಿದಳು. ಆಮೇಲೆ ಮೊಡವೆ ಇಲ್ಲದ ಜಾಗ ಹುಡುಕಿ, ಸೊಸೆಯ ಗಲ್ಲಕ್ಕೆ ಒತ್ತದಂತೆ ಸವರಿದಳು.

ಆಕೆಯ ಹಿಂದೆ ಬಂದ ರೇಣುಕವ್ವನ ತಾಯಿಯೂ ಅರಿಶಿಣವನ್ನು ನಾಲಗೆಗೆ ಮುಟ್ಟಿಸಿ ಮಗಳಿಗೆ ಹಚ್ಚಿದಳು. ತಾಯವ್ವ ಸ್ವಲ್ಪ ತಡೆದು ತಾನೂ ಹಾಗೆಯೇ ಮಾಡಿದಳು. ಅದು ಎಲ್ಲಿಯ ಪದ್ಧತಿ ಎಂದು ಯಾರೂ ಕೇಳಲಿಲ್ಲ. ಓಣಿಯ ಮುತ್ತೈದೆಯರೆಲ್ಲ ಒಬ್ಬರ ಹಿಂದೊಬ್ಬರು ಹಳದಿ ನಾಲಗೆ ಮಾಡಿಕೊಂಡು ಬಂದರು.

ಕೊನೆಗೆ ಬಂದವಳು ನೀರಿನ ದಾರಿಯಲ್ಲಿ ಗದ್ದ ಹಿಡಿಯುತ್ತಿದ್ದ ಹೆಂಗಸು. ಹತ್ತಿರದಿಂದ ಮುಖ ನೋಡಿದವಳಿಗೆ ಚಟ ಬಿಡಲಿಲ್ಲ. "ಏನಂದ್ರೂ ಹೆಣ್ಣ ಐತಿ ನೋಡ ಸಾವಕ್ಕ" ಎಂದಳು.

ಸಾವಕ್ಕ ಸೊಸೆಯ ಬಲಗೈ ಎತ್ತಿಕೊಂಡು ಹಸಿರು ಬಳೆ ಏರಿಸುತ್ತಿದ್ದಳು. ಸ್ವಲ್ಪ ಹೊತ್ತಿನ ಹಿಂದೆ ತನಗೆ ಬಿದ್ದ ಕೈ ಅದು. ತಲೆ ಎತ್ತದೆಯೇ ಅಂದಳು.

"ಏನರ ಇರ್ಲಿ ಬೇ. ಹ್ವಾದ ಸಲದಂಗ ಆಗಬ್ಯಾಡ. ಉಳದ್ರ ಸಾಕು."