ಸಾಲಿನಲ್ಲಿ ಅಕ್ಕ

ಕೆಮ್ಮು, ಅರೆತೆರೆದ ಬಾಗಿಲಿನ ಆಚೆ, ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಆ ಸದ್ದು ಅಕ್ಕನದೇ — ಇಲ್ಲ, ಅಕ್ಕ ಇಲ್ಲಿಗೇಕೆ ಬಂದಾಳು, ಹೊಲಿಗೆ ಅಂಗಡಿ ಬಿಟ್ಟು — ಬಗ್ಗಿ ನೋಡಿದರೆ ಅಕ್ಕನೇ, ಕೌಂಟರಿನ ಸಾಲಿನಲ್ಲಿ, ಕೈಯಲ್ಲಿ ಹಣ ತೆಗೆಯುವ ಚೀಟಿ. ಸದ್ಯ, ತೆಗೆಯಲು ಬಂದಿದ್ದಾಳೆ, ಭಾವನ ಕಣ್ಣಿನ ಆಪರೇಷನ್ನಿಗೆ ಇರಬೇಕು, ತೆಗೆದುಕೊಂಡು ಹೋಗಿಬಿಡು ತಾಯಿ, ಸಂಜೆಗೆ ಈ ಪತ್ತಿನ ಸಂಘಕ್ಕೆ ಸರ್ಕಾರ ಬೀಗ ಜಡಿಯುತ್ತದೆ, ಆಮೇಲೆ ಯಾರ ದುಡ್ಡು ಯಾವಾಗ ಕೈಸೇರುತ್ತದೋ ಬಲ್ಲವರಾರು. ಸರ್ಕಾರ ಎಂದರೆ ಇವತ್ತು ನಾನೇ, ವಾರದಿಂದ ಈ ಒಳಕೋಣೆಯಲ್ಲಿ ತಪಾಸಣೆಗೆ ಕೂತವಳು, ಅಧ್ಯಕ್ಷ ತನ್ನ ಬೀಗರಿಗೆಲ್ಲ ಸಾಲ ಹಂಚಿದ್ದನ್ನು ಕಂಡವಳು, ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಇನ್ನೇನು ಉಳಿದೀತು. ಎದ್ದು ಹೋಗಿ ಅಕ್ಕನ ಕಿವಿಯಲ್ಲಿ ಒಂದು ಮಾತು, ಒಂದೇ ಮಾತು — ಬೆಳಿಗ್ಗೆ ನಮ್ಮ ಇಲಾಖೆಯ ಸಾಹೇಬರು ಹೇಳಿದ್ದು, ನೋಡಿ ಮೇಡಂ, ಒಬ್ಬರ ಕಿವಿಗೆ ಬಿದ್ರೆ ಊರಿಗೇ ಬಿದ್ದ ಹಾಗೆ, ಮುಂದೆ ನಿಂತೋರು ಬಳ್ಕೊಂಡು ಹೋಗ್ತಾರೆ, ಹಿಂದಿನೋರಿಗೆ ಚಿಪ್ಪೇ ಗತಿ. ನಿಜವೇ, ಅಕ್ಕನ ಹಿಂದೆ ಊರುಗೋಲಿನ ಮುದುಕ, ಅವನ ಹಿಂದೆ ಬಸುರಿ, ಅವರೂ ಯಾರದೋ ಅಕ್ಕ, ಯಾರದೋ ಅಪ್ಪ, ಆದರೆ ನನ್ನ ಫೀಸು ಕಟ್ಟಲು ಕಣ್ಣು ಕೆಂಪಾಗುವವರೆಗೆ ಹೊಲಿದವಳು ಅವಳೊಬ್ಬಳೇ, ನೀನು ಓದೇ ಪುಟ್ಟಿ, ಕಾಜಾ ನಾನು ಹಾಕ್ಕೋತೀನಿ ಎಂದವಳು.

ಸಾಲು ಸರಿಯಿತು, ಅಕ್ಕನ ಮುಂದೆ ಇನ್ನು ಇಬ್ಬರು, ಬೇಗ ಬೇಗ, ಅಷ್ಟರಲ್ಲಿ ನನ್ನನ್ನು ನೋಡಿಯೇಬಿಟ್ಟಳು, ಮುಖವೆಲ್ಲ ಅರಳಿತು, ಅಯ್ಯೋ, ಇವಳು ಇಲ್ಲೇ ಇದಾಳಲ್ಲ, ನನ್ನ ತಂಗಿ ಕಣ್ರೀ, ಈ ಸಂಘಗಳನ್ನೆಲ್ಲ ನೋಡ್ಕೊಳ್ಳೋ ಇಲಾಖೆಯವಳು, ಯಾರೋ ಏನೇನೋ ಅಂದ್ರು ಅಂತ ಎದೆ ಹೊಡ್ಕೊಂಡು ಓಡಿ ಬಂದೆ, ಇವಳಿದ್ದ ಮೇಲೆ ಇನ್ನೇನ್ ಭಯ, ಆಸ್ಪತ್ರೆಗೆ ಕಟ್ಟೋದು ಮುಂದಿನ ವಾರ ತಾನೇ, ಇಲ್ಲೇ ಇರ್ಲಿ ಬಿಡಿ. ಬೇಡ ಅಕ್ಕ, ಬೇಡ, ತಲೆ ಅಲ್ಲಾಡಿಸಲೇ, ಕೌಂಟರಿನ ಪಕ್ಕ ನಿಂತ ಅಧ್ಯಕ್ಷ ನನ್ನನ್ನೇ ನೋಡುತ್ತಿದ್ದಾನೆ, ನಗುತ್ತಿದ್ದಾನೆ, ಮುದುಕ ನನ್ನ ಮುಖ ನೋಡಿ ನೆಮ್ಮದಿಯ ನಿಟ್ಟುಸಿರು ಬಿಟ್ಟು ಸಾಲಿನಿಂದ ಹೊರಬಂದ, ಬಸುರಿಯೂ ಬಂದಳು, ನಾನು ನಕ್ಕೆನೇ, ನಕ್ಕಿರಬೇಕು, ಇಲ್ಲದಿದ್ದರೆ ಅಕ್ಕ ಹೀಗೇಕೆ, ಚೀಟಿಯನ್ನು ಮಡಚುತ್ತಿದ್ದಾಳೆ, ಬಟ್ಟೆ ಮಡಚುವ ಹಾಗೆ ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಒತ್ತಿ, ಮಡಚಿದ್ದನ್ನು ಮತ್ತೆ ಮಡಚುತ್ತಿದ್ದಾಳೆ, ನನ್ನನ್ನೇ ನೋಡುತ್ತಾ, ಮತ್ತೆ